ಟ್ರ್ಯಾಕ್ಟರಿಗೆ ಒಂದು ಮನೆ, ಟ್ರೇಲರಿಗೆ ಇನ್ನೊಂದು ಮನೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ದರ್ಬಾರು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಆಳೆತ್ತರಕ್ಕೂ ಮೀರಿ ಕಬ್ಬು ಹೇರಿಕೊಂಡ ಸಾಲುಗಳು ಹಾಲಸಿದ್ಧನಾಥ, ದೂಧಗಂಗಾ ಕೃಷ್ಣಾ, ಉಗಾರ ಕಾರ್ಖಾನೆಗಳ ದಾರಿ ಹಿಡಿಯುತ್ತವೆ. ನಡುನಡುವೆ ಎತ್ತಿನ ಚಕ್ಕಡಿಗಳೂ ಉಂಟು. ರಸ್ತೆಬದಿ ನಿಂತವರ ಕಣ್ಣಿಗೆ ಟ್ರ್ಯಾಕ್ಟರು ಮತ್ತು ಅದರ ಬಾಲ ಸೇರಿ ಒಂದೇ ವಾಹನ. ಸುಂಕದ ಪುಸ್ತಕದ ಕಣ್ಣಿಗೆ ಮಾತ್ರ ಅದು ಮೂರು ಸರಕು. ಮುಂದಿನ ಟ್ರ್ಯಾಕ್ಟರು 8701 ಎಂಬ ಶೀರ್ಷಿಕೆಗೆ ಸೇರುತ್ತದೆ. ಹಿಂದಿನ ಎರಡು ಟ್ರೇಲರುಗಳು 8716ಕ್ಕೆ ಸೇರುತ್ತವೆ. ತಮಾಷೆಯೆಂದರೆ, ಪಕ್ಕದಲ್ಲಿ ಗಂಟೆ ಅಲುಗಿಸುತ್ತಾ ಹೋಗುವ ಚಕ್ಕಡಿಯ ಮನೆಯೂ ಇದೇ 8716! ಸ್ವಂತ ಎಂಜಿನ್ ಇಲ್ಲದ ವಾಹನಗಳೆಲ್ಲ ಅಲ್ಲಿ ಒಂದೇ ಚಾವಣಿಯ ಕೆಳಗೆ.

ಈ ಅಂಕಿಗಳು ಯಾರ ಮನಸ್ಸಿಗೆ ಬಂದಂತೆ ಹುಟ್ಟಿದವಲ್ಲ. ಬ್ರಸೆಲ್ಸ್ ನಗರದಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ರೂಪಿಸಿದ ‘ಹಾರ್ಮೊನೈಸ್ಡ್ ಸಿಸ್ಟಮ್’ ಎಂಬ ವರ್ಗೀಕರಣ 1988ರ ಜನವರಿ 1ರಂದು ಜಾರಿಗೆ ಬಂತು. ಸೂಜಿಯಿಂದ ಹಡಗಿನವರೆಗೆ ಗಡಿ ದಾಟಬಲ್ಲ ಪ್ರತಿಯೊಂದು ಸರಕಿಗೂ ಅದರಲ್ಲಿ ಒಂದು ಸಂಖ್ಯೆ ಇದೆ. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕಾದರೆ ಶೀರ್ಷಿಕೆ, ಆರಾದರೆ ಉಪಶೀರ್ಷಿಕೆ. ಅಲ್ಲಿಯವರೆಗೆ ಈ ಪದ್ಧತಿ ಒಪ್ಪಿದ ಎಲ್ಲ ದೇಶಗಳದೂ ಒಂದೇ ಭಾಷೆ. ಭಾರತ ತನ್ನ ಅಗತ್ಯಕ್ಕೆ ಇನ್ನೆರಡು ಅಂಕಿ ಸೇರಿಸಿ ಎಂಟು ಮಾಡಿಕೊಂಡಿದೆ. ನಮ್ಮ 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಪಟ್ಟಿ 1986ರಲ್ಲೇ ಈ ಮಾದರಿಗೆ ಹೊರಳಿತು. 2017ರಲ್ಲಿ ಬಂದ ಜಿಎಸ್‌ಟಿಯೂ ಇದೇ ಸಂಖ್ಯೆಗಳನ್ನು ಎರವಲು ಪಡೆಯಿತು. ಹಾಗಾಗಿ ಬಂದರಿನಲ್ಲಷ್ಟೇ ಕಾಣುತ್ತಿದ್ದ ಈ ಕೋಡುಗಳು ಈಗ ಊರಿನ ಅಂಗಡಿಯ ಬಿಲ್ಲಿನಲ್ಲೂ ಕಾಣುತ್ತವೆ.

ರಸ್ತೆಯ ಮೇಲಿನ ವಾಹನಗಳಿಗೆ ಮೀಸಲಾದದ್ದು 87ನೇ ಅಧ್ಯಾಯ. ಅದರ ಆರಂಭದಲ್ಲಿರುವ ಎರಡನೇ ಟಿಪ್ಪಣಿಯನ್ನು ಹತ್ತನೇ ತರಗತಿಯ ವಿದ್ಯಾರ್ಥಿಯೂ ಓದಿ ತಿಳಿಯಬಹುದು. ಇನ್ನೊಂದು ವಾಹನವನ್ನೋ ಉಪಕರಣವನ್ನೋ ಭಾರವನ್ನೋ ಎಳೆಯಲು ಇಲ್ಲವೆ ತಳ್ಳಲು ಮುಖ್ಯವಾಗಿ ನಿರ್ಮಿಸಿದ ವಾಹನವೇ ಟ್ರ್ಯಾಕ್ಟರ್ ಎಂಬುದು ಅದರ ಸಾರ. ಬೀಜ, ಗೊಬ್ಬರ, ಸಲಕರಣೆ ಇಟ್ಟುಕೊಳ್ಳಲು ಸ್ವಲ್ಪ ಜಾಗವಿದ್ದರೂ ಟ್ರ್ಯಾಕ್ಟರು ಟ್ರ್ಯಾಕ್ಟರೇ. ಅದಕ್ಕೆ ಸಿಕ್ಕಿಸಿ ಬಿಚ್ಚುವ ನೇಗಿಲು, ರೋಟವೇಟರ್ ಮುಂತಾದವು ಟ್ರ್ಯಾಕ್ಟರಿನ ಜೊತೆಗೇ ಬಂದರೂ, ಅದರ ಬೆನ್ನಿಗೇ ಅಂಟಿಕೊಂಡಿದ್ದರೂ, ತಮ್ಮ ತಮ್ಮ ಶೀರ್ಷಿಕೆಗೇ ಹೋಗಬೇಕು. ‘ನಿರ್ಮಿಸಿದ’ ಎಂಬ ಪದದಲ್ಲಿಯೇ ಇಡೀ ವಿದ್ಯೆಯ ಗುಟ್ಟು ಅಡಗಿದೆ. ಕೊಂಡವನು ಅದನ್ನು ಯಾವುದಕ್ಕೆ ಬಳಸುತ್ತಾನೆ ಎಂದು ಪುಸ್ತಕ ಮೊದಲು ಕೇಳುವುದಿಲ್ಲ. ಮಾಡಿದವನು ಅದನ್ನು ಯಾವುದಕ್ಕಾಗಿ ಮಾಡಿದ ಎಂದು ಕೇಳುತ್ತದೆ. ಮದುವೆ ದಿಬ್ಬಣವನ್ನು ಟ್ರೇಲರಿನಲ್ಲಿ ಕರೆದೊಯ್ದರೆ ಟ್ರೇಲರು ಬಸ್ಸಾಗದು.

ಅಂಕಿ ಬದಲಾದರೆ ಆಗುವುದೇನು? ರೈತನ ಜೇಬಿಗೇ ಕೈ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಎಂಟು ಲಕ್ಷ ಬೆಲೆಯ ಟ್ರ್ಯಾಕ್ಟರಿಗೆ 56 ಸಾವಿರ ರೂಪಾಯಿ ಉಳಿತಾಯ. ಟ್ರೇಲರಿನ ಕಥೆ ಅಷ್ಟು ಸರಳವಲ್ಲ. ‘ತಾನೇ ತುಂಬಿಕೊಳ್ಳುವ ಅಥವಾ ತಾನೇ ಇಳಿಸುವ ಕೃಷಿ ಟ್ರೇಲರ್’ ಎಂಬ ಉಪಶೀರ್ಷಿಕೆ 8716 20. ಅದಕ್ಕೂ ಶೇ 5 ದರ. ಚಕ್ಕಡಿಗೂ ಅಷ್ಟೇ. ಈ ಸಾಲಿಗೆ ಸೇರದ ಟ್ರೇಲರಿಗೆ ಶೇ 18. ಎರಡು ಲಕ್ಷದ ಟ್ರೇಲರ್ ಎಂದಿಟ್ಟುಕೊಂಡರೆ ಒಂದು ಕಡೆ ತೆರಿಗೆ 10 ಸಾವಿರ, ಇನ್ನೊಂದು ಕಡೆ 36 ಸಾವಿರ. ವ್ಯಾಪಾರಿಯಾದರೆ ಕಟ್ಟಿದ ತೆರಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಹೊಂದಿಸಿಕೊಂಡಾನು. ಜಿಎಸ್‌ಟಿ ನೋಂದಣಿಯಿಲ್ಲದ ರೈತನಿಗೆ ಆ ದಾರಿ ಇಲ್ಲ.

ಈಗ ಕಬ್ಬಿನ ಟ್ರೇಲರನ್ನು ನೋಡೋಣ. ಹೊಲದಲ್ಲಿ ಅದಕ್ಕೆ ಕಬ್ಬು ಹೇರುವವರು ಕೂಲಿಯವರು. ಕಾರ್ಖಾನೆಯ ಅಂಗಳದಲ್ಲಿ ಇಳಿಸುವುದು ಕ್ರೇನು. ಹೊರೆಯ ಕೆಳಗೆ ಹಾಸಿದ ಹಗ್ಗ ಹಿಡಿದು ಒಂದೇ ಸಲಕ್ಕೆ ಎತ್ತಿಬಿಡುತ್ತದೆ. ಟ್ರೇಲರು ತಾನಾಗಿ ತುಂಬಿಕೊಳ್ಳಲೂ ಇಲ್ಲ, ಇಳಿಸಲೂ ಇಲ್ಲ. ಜೀವಮಾನವಿಡೀ ಕೃಷಿಗೇ ದುಡಿದರೂ, ಪದಗಳನ್ನು ಅಕ್ಷರಶಃ ಓದಿದರೆ ಅದು ಕೃಷಿ ಟ್ರೇಲರಿನ ಸಾಲಿನಿಂದ ಹೊರಗುಳಿಯುವ ಅಪಾಯವಿದೆ. ಬಳಕೆ ಬೇರೆ, ನಿರ್ಮಾಣ ಬೇರೆ ಎಂಬ ಮಾತು ಇಲ್ಲಿ ರೈತನಿಗೆ ಬಿಸಿ ಮುಟ್ಟಿಸುತ್ತದೆ. ಟ್ರೇಲರ್ ಮಾಡಿಸುವ ಮೊದಲೇ ಬಿಲ್ಲಿನಲ್ಲಿ ಯಾವ ಕೋಡು ಬರುತ್ತದೆಂದು ವರ್ಕ್‌ಶಾಪಿನವರನ್ನು ಕೇಳಿಕೊಳ್ಳುವುದು ಜಾಣತನ.

ಬಳಕೆಯೋ ಸ್ವರೂಪವೋ ಎಂಬ ಈ ಜಗಳ ನಿಪ್ಪಾಣಿಗೆ ಹೊಸದೇನಲ್ಲ. ಬೀಡಿ ತಂಬಾಕಿಗೆ ಹೆಸರಾದ ಊರಿದು. 1943ರಲ್ಲಿ ತಂಬಾಕಿನ ಮೇಲೆ ಕೇಂದ್ರ ಅಬಕಾರಿ ಸುಂಕ ಬಂದಾಗ ದರ ನಿಂತದ್ದು ಅದರ ಉದ್ದೇಶಿತ ಬಳಕೆಯ ಮೇಲೆ. ಸಿಗರೇಟಿಗೊಂದು, ಬೀಡಿಗೊಂದು, ನಶ್ಯಕ್ಕೊಂದು, ಜಗಿಯುವುದಕ್ಕೊಂದು. ಕಡಿಮೆ ಸುಂಕದ ಹೆಸರು ಹೇಳಿ ವಖಾರಿಯಿಂದ ಹೊರಟ ಎಲೆ ಕೊನೆಗೆ ಬೀಡಿಯಲ್ಲಿ ಸೇರಿದರೆ ಹಿಡಿಯುವವರು ಯಾರು? ಹಾಗಾಗಿ ಮುಂದೆ, ‘ಬೀಡಿಗೆ ಬಳಸುತ್ತೀರಾ’ ಎಂಬ ಪ್ರಶ್ನೆಯ ಬದಲು ‘ಬೀಡಿಗೆ ಬಳಸಲು ಬರುತ್ತದೆಯೇ’ ಎಂಬ ಪರೀಕ್ಷೆ ಬಂತು. ಅದರಿಂದಲೂ ತಕರಾರು ತಪ್ಪಲಿಲ್ಲ. ಕಚ್ಚಾ ತಂಬಾಕಿನ ಮೇಲಿನ ಅಬಕಾರಿ 1979ರಲ್ಲಿ ರದ್ದಾಗುವವರೆಗೆ ಎಲೆಯೊಂದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ವಖಾರಿಗಳ ನಿತ್ಯದ ಚಿಂತೆಯಾಗಿತ್ತು.

ಮತ್ತೆ ವಾಹನಗಳಿಗೆ ಬರೋಣ. ಟೈರಿನ ಬದಲು ಚೈನಿನ ಮೇಲೆ ಓಡುವ ಯಂತ್ರಗಳು ಈಗ ಹಳ್ಳಿಗಳಿಗೂ ಪರಿಚಿತ. ಬಾವಿ, ಕೆರೆ, ಕಾಲುವೆ ಕೆಲಸಕ್ಕೆ ಬರುವ ಅಗೆಯುವ ಯಂತ್ರವನ್ನು ಜನ ಕಂಪನಿಯ ಹೆಸರಿನಿಂದ ‘ಹಿಟಾಚಿ’ ಎಂದೇ ಕರೆಯುತ್ತಾರೆ. ಅದು ತಾನೇ ಓಡಾಡಿದರೂ ವಾಹನಗಳ ಅಧ್ಯಾಯದ್ದಲ್ಲ. ಯಂತ್ರಗಳ 84ನೇ ಅಧ್ಯಾಯದಲ್ಲಿ 8429ಕ್ಕೆ ಸೇರುತ್ತದೆ. ಕೋಲಾರದ ಕೆಜಿಎಫ್‌ನಲ್ಲಿ ಬಿಇಎಂಎಲ್ ತಯಾರಿಸುವ ಚೈನಿನ ಬುಲ್ಡೋಜರ್ ಕೂಡ ಅಲ್ಲಿಯದೇ. ಆದರೆ ಚೈನಿನ ಮೇಲೆ ಓಡುತ್ತಾ ಭಾರ ಎಳೆಯುವುದಕ್ಕೆಂದೇ ಮಾಡಿದ್ದಾದರೆ ಅದು 8701 30, ಅಂದರೆ ಟ್ರ್ಯಾಕ್ಟರ್. ಹಾಗಾಗಿ ಚೈನೋ ಟೈರೋ ಎಂಬುದರಿಂದ ಅಧ್ಯಾಯ ತೀರ್ಮಾನವಾಗುವುದಿಲ್ಲ. ಕೆಲಸ ಯಾವುದಕ್ಕೆಂದು ರೂಪಿಸಿದ್ದಾರೆ ಎಂಬುದರಿಂದ ಆಗುತ್ತದೆ.

ನಿಜವಾದ ತಲೆನೋವು ಹಿಮ, ಕೆಸರು, ಮರಳು ಎಲ್ಲದರಲ್ಲೂ ಓಡುವ ಜೋಡಿ ವಾಹನಗಳದ್ದು. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿ ಜಿಲ್ಲೆಯಲ್ಲಿ ಮಗನೋ ಅಳಿಯನೋ ಸೈನ್ಯದಲ್ಲಿರುವ ಮನೆಗಳು ಬಹಳ. ಭಾರತೀಯ ಸೇನೆ 2025ರಲ್ಲಿ ‘ಬಿವಿಎಸ್‌10 ಸಿಂಧು’ ಎಂಬ ಇಂಥ ವಾಹನಗಳಿಗಾಗಿ ಎಲ್ ಅಂಡ್ ಟಿ ಸಂಸ್ಥೆಗೆ ಬೇಡಿಕೆ ಸಲ್ಲಿಸಿತು. ಗುಜರಾತಿನ ಹಜೀರಾದಲ್ಲಿ ತಯಾರಿಕೆ, ಮೂಲ ವಿನ್ಯಾಸ ಸ್ವೀಡನ್ನಿನ ಹ್ಯಾಗ್ಲುಂಡ್ಸ್‌ನದು. ನೋಡಲು ಮುಂದೊಂದು ಪೆಟ್ಟಿಗೆ, ಹಿಂದೊಂದು ಪೆಟ್ಟಿಗೆ, ನಡುವೆ ಕೀಲು. ಥೇಟ್ ಟ್ರ್ಯಾಕ್ಟರು-ಟ್ರೇಲರಿನ ಹಾಗೆ! ಆದರೆ ಮುಂದಿನ ಎಂಜಿನ್ನಿನ ಶಕ್ತಿ ಹಿಂದಿನ ಪೆಟ್ಟಿಗೆಯ ಚೈನುಗಳನ್ನೂ ತಿರುಗಿಸುತ್ತದೆ. ಹಿಂದಿನದು ಸುಮ್ಮನೆ ಎಳೆಸಿಕೊಳ್ಳುವ ವಸ್ತುವಲ್ಲ. 8716 ಇರುವುದೋ ಯಂತ್ರಶಕ್ತಿ ಇಲ್ಲದ ವಾಹನಗಳಿಗೆ. ಹಾಗಾದರೆ ಅದನ್ನು ಟ್ರೇಲರ್ ಎನ್ನುವುದು ಹೇಗೆ?

ಇಂಥ ವಾಹನ ಎದುರಿಗೆ ಬಂದಾಗ ಅಧಿಕಾರಿ ಒಂದೊಂದೇ ಬಾಗಿಲು ತಟ್ಟುತ್ತಾ ಹೋಗಬೇಕು. ಕವಚವಿರುವ ಯುದ್ಧ ವಾಹನವಾದರೆ 8710, ಮುಂದಿನ ಪ್ರಶ್ನೆಗಳೇ ಬೇಡ. ಕವಚವಿಲ್ಲ, ಚಾಲಕನೂ ಸೇರಿ ಹತ್ತು ಅಥವಾ ಹೆಚ್ಚು ಜನರಿಗಾಗಿ ಮಾಡಿದ್ದು ಎಂದರೆ 8702. ಅದಕ್ಕಿಂತ ಕಡಿಮೆ ಜನರಿಗಾದರೆ 8703. ಹಿಮದ ಮೇಲೆ ಓಡಲೆಂದೇ ರೂಪಿಸಿದವಕ್ಕೆ ಅದರೊಳಗೆ ಪ್ರತ್ಯೇಕ ಸಾಲೇ ಇದೆ. ಸಾಮಾನು ಸಾಗಿಸಲಾದರೆ 8704. ಅದರ ಹಿಂದೆ ಎಂಜಿನ್ ಇಲ್ಲದ ಗಾಡಿಯೊಂದನ್ನು ಕೊಕ್ಕೆ ಹಾಕಿ ಎಳೆದರೆ ಆ ಗಾಡಿ ಮಾತ್ರ ಕಬ್ಬಿನ ಟ್ರೇಲರಿನ ಪಕ್ಕ 8716ರಲ್ಲಿ ಕೂರುತ್ತದೆ. ಯುರೋಪ್ ಒಕ್ಕೂಟದವರು ನಾಲ್ಕು ಚಕ್ರದ ಸಣ್ಣ ಆಲ್ ಟೆರೇನ್ ಗಾಡಿಗಳಿಗೆ ಅಳತೆಗೋಲನ್ನೇ ಇಟ್ಟಿದ್ದಾರೆ. ತನ್ನ ತೂಕದ ಎರಡರಷ್ಟನ್ನಾದರೂ ಎಳೆಯುವ ಶಕ್ತಿ ಇರಬೇಕೆಂಬುದು ಅಲ್ಲಿ ಟ್ರ್ಯಾಕ್ಟರ್ ಎನಿಸಿಕೊಳ್ಳಲು ಇರುವ ಷರತ್ತುಗಳಲ್ಲೊಂದು.

ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. ಅಮೆರಿಕದಲ್ಲಿ ಪ್ರಯಾಣಿಕರ ವಾಹನಕ್ಕೆ ಆಮದು ಸುಂಕ ಶೇ 2.5, ಸಾಮಾನಿನ ವ್ಯಾನಿಗೆ ಶೇ 25 ಇದ್ದ ಕಾಲದಲ್ಲಿ ಫೋರ್ಡ್ ಕಂಪನಿ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನುಗಳನ್ನು ಹಿಂಬದಿ ಸೀಟು ಹಾಕಿಯೇ ಬಂದರಿಗೆ ತರಿಸುತ್ತಿತ್ತು. ಸುಂಕ ಕಟ್ಟಿದ ಮೇಲೆ ಸೀಟು ಕಿತ್ತು ಸರಕು ವ್ಯಾನ್ ಮಾಡಿ ಮಾರುತ್ತಿತ್ತು. 2019ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕಂಪನಿಯ ವಾದ ಒಪ್ಪಲಿಲ್ಲ. 2024ರಲ್ಲಿ ಫೋರ್ಡ್ 36.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಮ್ಮಲ್ಲಿಯೂ ಸಣ್ಣ ಪ್ಯಾಕೆಟ್ಟಿನ ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಗೂದಲಿನದೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, ಪ್ಯಾಕೆಟ್ ಚಿಕ್ಕದೆಂಬ ಒಂದೇ ಕಾರಣಕ್ಕೆ ಅದು ಕೇಶತೈಲವಾಗದು ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತೀರ್ಪಿತ್ತಿತು.

ಈ ವಿದ್ಯೆಯನ್ನು ಕಲಿಯುವುದೆಲ್ಲಿ ಎಂದು ಕೇಳುವ ಪಾಲಕರೂ ಇದ್ದಾರು. ಪದವಿ ಮುಗಿಸಿದವರು ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವೀಧರ ಮಟ್ಟದ ಪರೀಕ್ಷೆ ಬರೆದು ಕಸ್ಟಮ್ಸ್‌ನ ಎಕ್ಸಾಮಿನರ್, ಪ್ರಿವೆಂಟಿವ್ ಆಫೀಸರ್ ಹುದ್ದೆಗಳಿಗೆ ಹೋಗಬಹುದು. ಯುಪಿಎಸ್‌ಸಿ ಮೂಲಕ ಭಾರತೀಯ ಕಂದಾಯ ಸೇವೆಯ ಬಾಗಿಲೂ ತೆರೆದಿದೆ. ಆ ಅಧಿಕಾರಿಗಳಿಗೆ ತರಬೇತಿ ಕೊಡುವ ರಾಷ್ಟ್ರೀಯ ಅಕಾಡೆಮಿಯ ಹೊಸ ಆವರಣ 2024ರ ಜನವರಿಯಲ್ಲಿ ಉದ್ಘಾಟನೆಗೊಂಡದ್ದು ಕರ್ನಾಟಕದ ಗಡಿಗೆ ಅಂಟಿದಂತಿರುವ ಆಂಧ್ರದ ಪಾಲಸಮುದ್ರದಲ್ಲಿ. ಸರ್ಕಾರಿ ನೌಕರಿಯೇ ಬೇಕೆಂದಿಲ್ಲ. ಆಮದು ರಫ್ತುದಾರರ ಪರವಾಗಿ ಕಾಗದಪತ್ರ ಸಲ್ಲಿಸುವ ಕಸ್ಟಮ್ಸ್ ಬ್ರೋಕರ್ ಆಗಲು ಪ್ರತ್ಯೇಕ ಪರೀಕ್ಷೆಯಿದೆ. ಅದರಲ್ಲಿ ವರ್ಗೀಕರಣವೂ ಒಂದು ಪಾಠ. ವಿಜ್ಞಾನ, ವಾಣಿಜ್ಯ, ಕಾನೂನು ಯಾವುದನ್ನು ಓದಿದವರಿಗೂ ಇಲ್ಲಿ ಜಾಗವುಂಟು, ಯಾಕೆಂದರೆ ಗೇರ್‌ಬಾಕ್ಸ್ ಹೇಗೆ ಕೆಲಸ ಮಾಡುತ್ತದೆಂದು ತಿಳಿದವನೇ ಹಿಂದಿನ ಪೆಟ್ಟಿಗೆ ಟ್ರೇಲರ್ ಅಲ್ಲ ಎಂದು ವಾದಿಸಬಲ್ಲ. ಸುಂಕದ ಪಟ್ಟಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ರಜೆಯಲ್ಲಿ 87ನೇ ಅಧ್ಯಾಯವನ್ನು ತೆರೆದಿಟ್ಟುಕೊಂಡು, ಸಂತೆ ದಿನ ಊರಿನ ನಾಕಾದಲ್ಲಿ ಹಾದುಹೋಗುವ ಒಂದೊಂದು ಗಾಡಿಗೂ ಸಂಖ್ಯೆ ಹುಡುಕಲು ಮಕ್ಕಳಿಗೆ ಹೇಳಬಹುದು. ನೀರಿನ ಟ್ಯಾಂಕರಿನ ಹತ್ತಿರ ಅವರು ಖಂಡಿತ ಒಂದು ಗಳಿಗೆ ತಡೆಯುತ್ತಾರೆ.