ಹಣ ಹೋಯಿತು, ಟಿಕೆಟ್ ಎಲ್ಲಿ?

ರೈಲು ಟಿಕೆಟ್ಟಿಗಾಗಿ ನಿಲ್ದಾಣದ ಕೌಂಟರಿನ ಮುಂದೆ ಸರದಿಯಲ್ಲಿ ನಿಲ್ಲುವುದು ಈಗ ಅನಿವಾರ್ಯವಲ್ಲ. ಮೊಬೈಲ್ ಫೋನಿನಲ್ಲೇ ಆಸನ ಕಾಯ್ದಿರಿಸಬಹುದು. ಆದರೆ ಖಾತೆಯಿಂದ ಹಣ ಹೋಗಿ ಟಿಕೆಟ್ ಬಾರದಿದ್ದರೆ? ಬಂದ ಟಿಕೆಟ್ ಪ್ರಯಾಣಕ್ಕೆ ಕೆಲವೇ ಗಂಟೆ ಮುಂಚೆ ತಾನಾಗಿಯೇ ರದ್ದಾದರೆ? ಮರುದಿನ ಬೆಳಗ್ಗೆ ಪರೀಕ್ಷೆಯೋ ಸಂದರ್ಶನವೋ ಇದ್ದವರಿಗೆ ಇದು ಸಣ್ಣ ಮಾತಲ್ಲ. ಹೀಗೇಕೆ ಆಗುತ್ತದೆ ಎಂಬುದನ್ನು ನೋಡೋಣ.

ರೈಲ್ವೆಯ ಸಾರ್ವಜನಿಕ ಉದ್ಯಮವಾದ ಐ.ಆರ್.ಸಿ.ಟಿ.ಸಿ. 2002ರಲ್ಲಿ ಅಂತರಜಾಲದ ಮೂಲಕ ಟಿಕೆಟ್ ಮಾರಾಟ ಆರಂಭಿಸಿತು. ಆಗ ಹಣ ಕಟ್ಟುವುದಷ್ಟೇ ಅಂತರಜಾಲದಲ್ಲಿ. ಅಚ್ಚಾದ ಟಿಕೆಟ್ ಕೊರಿಯರ್ ಮೂಲಕ ಮನೆಗೆ ಬರಬೇಕಿತ್ತು. 2005ರಲ್ಲಿ ಇ-ಟಿಕೆಟ್ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ಈಗ ಮೊಬೈಲಿಗೆ ಬಂದ ಸಂದೇಶ ತೋರಿಸಿದರೆ ಸಾಕು. ಆದರೆ ಜೊತೆಗೆ ಮೂಲ ಗುರುತಿನ ಚೀಟಿ ಇರಲೇಬೇಕು. ಇಲ್ಲವಾದರೆ ನಿಮ್ಮನ್ನು ಟಿಕೆಟ್ ಇಲ್ಲದ ಪ್ರಯಾಣಿಕರೆಂದೇ ಪರಿಗಣಿಸುತ್ತಾರೆ.

ಇನ್ನು ಹಣದ ವಿಷಯ. ನೀವು ಒಂದು ಗುಂಡಿ ಒತ್ತಿದಾಗ ಕೆಲಸ ಮಾಡುವುದು ಒಂದೇ ಗಣಕಯಂತ್ರವಲ್ಲ. ಟಿಕೆಟ್ ಜಾಲತಾಣ, ನಿಮ್ಮ ಬ್ಯಾಂಕು, ಆಸನಗಳ ಲೆಕ್ಕವಿಡುವ ರೈಲ್ವೆಯ ಗಣಕಯಂತ್ರ ಇವು ಒಂದಕ್ಕೊಂದು ಉತ್ತರಿಸಬೇಕು. ಹಣ ಪಾವತಿಯಾದ ಸುದ್ದಿ ಮುಟ್ಟಿದ ಮೇಲೆಯೇ ಆಸನ ನಿಮ್ಮದಾಗುತ್ತದೆ; ಅಲ್ಲಿಯವರೆಗೆ ಅದು ಬೇರೆಯವರ ಪಾಲಾಗಬಹುದು. ನಡುವೆ ಸಂಪರ್ಕ ಕಡಿದರೆ ಹಣ ಹೋಗಿರುತ್ತದೆ, ಟಿಕೆಟ್ ಇರುವುದಿಲ್ಲ. ಆ ಹಣ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಖಾತೆಗೆ ಮರಳುತ್ತದೆ. ಗಾಬರಿಯಿಂದ ಮತ್ತೊಮ್ಮೆ ಹಣ ಕಟ್ಟುವ ಮೊದಲು, ನೀವು ಕಾಯ್ದಿರಿಸಿದ ಟಿಕೆಟ್ಟುಗಳ ಪಟ್ಟಿಯನ್ನು ನೋಡಿ. ಹತ್ತು ಅಂಕಿಯ ಪಿ.ಎನ್.ಆರ್. ಸಂಖ್ಯೆ ಅಲ್ಲಿದ್ದರೆ ಟಿಕೆಟ್ ಆಗಿದೆ ಎಂದೇ ಅರ್ಥ.

ಎರಡನೆಯ ತೊಡಕು ವೇಟಿಂಗ್ ಲಿಸ್ಟ್. ರೈಲು ಹೊರಡುವ ಕೆಲವು ಗಂಟೆ ಮುಂಚೆ ಪ್ರಯಾಣಿಕರ ಚಾರ್ಟ್ ಸಿದ್ಧವಾಗುತ್ತದೆ. ಆಗಲೂ ಇ-ಟಿಕೆಟ್ಟಿನಲ್ಲಿರುವ ಎಲ್ಲರ ಹೆಸರೂ ವೇಟಿಂಗ್ ಲಿಸ್ಟಿನಲ್ಲೇ ಉಳಿದಿದ್ದರೆ ಟಿಕೆಟ್ ತಾನಾಗಿ ರದ್ದಾಗುತ್ತದೆ. ಶುಲ್ಕ ಕಳೆದು ಉಳಿದ ಹಣ ಖಾತೆಗೆ ಬರುತ್ತದೆ. ಅದನ್ನು ಹಿಡಿದು ರೈಲು ಹತ್ತುವಂತಿಲ್ಲ. ಆರ್.ಎ.ಸಿ. ಆಗಿದ್ದರೆ ಮಾತು ಬೇರೆ. ಮಲಗುವ ಬರ್ತ್ ಖಚಿತವಿಲ್ಲದಿದ್ದರೂ ಕುಳಿತು ಹೋಗುವ ಹಕ್ಕಿದೆ.

ಹಾಗಾದರೆ ತತ್ಕಾಲ್? ರೈಲು ತನ್ನ ಮೂಲ ನಿಲ್ದಾಣದಿಂದ ಹೊರಡುವ ಹಿಂದಿನ ದಿನ, ಹವಾನಿಯಂತ್ರಿತ ದರ್ಜೆಗೆ ಬೆಳಗ್ಗೆ 10ಕ್ಕೆ, ಉಳಿದವಕ್ಕೆ 11ಕ್ಕೆ ಇದು ತೆರೆಯುತ್ತದೆ. ಸಾವಿರಾರು ಮಂದಿ ಒಂದೇ ಕ್ಷಣ ನುಗ್ಗುವುದರಿಂದ ಜಾಲತಾಣ ನಿಧಾನವಾಗುತ್ತದೆ. 2025ರ ಜುಲೈಯಿಂದ ಅಂತರಜಾಲದಲ್ಲಿ ತತ್ಕಾಲ್ ಪಡೆಯಲು ಆಧಾರ್ ದೃಢೀಕರಣ ಕಡ್ಡಾಯ. ಅದನ್ನು ಆ ದಿನ ಬೆಳಗ್ಗೆ ಮಾಡುತ್ತೇನೆಂದರೆ ಟಿಕೆಟ್ ಕೈತಪ್ಪಿದಂತೆಯೇ.

ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನ. ಪರೀಕ್ಷೆಯ ದಿನಾಂಕ ತಿಳಿದ ಕೂಡಲೇ ಟಿಕೆಟ್ ಮಾಡಿಸಿ. ವೇಟಿಂಗ್ ಲಿಸ್ಟ್ ಬಂದರೆ ಬಸ್ಸಿನ ವೇಳೆಯನ್ನೂ ಗುರುತು ಹಾಕಿಕೊಂಡಿರಿ. ಚಾರ್ಟ್ ಸಿದ್ಧವಾದ ಮೇಲೆ ಪಿ.ಎನ್.ಆರ್. ಸಂಖ್ಯೆ ಹಾಕಿ ಇನ್ನೊಮ್ಮೆ ನೋಡಿಯೇ ಮನೆಯಿಂದ ಹೊರಡಿ.