ಗಾಲಿಮೆಟ್ಟೂ ಎರೆಭೂಮಿಯೂ

ಗಾಲಿ ಎಂದೊಡನೆ ನಮ್ಮ ಕಡೆಯವರ ಕಣ್ಣಮುಂದೆ ಬರುವುದು ಬಂಡಿಯ ಗಾಲಿ: ಎದೆಯೆತ್ತರದ್ದು, ಕಬ್ಬಿಣದ ಹಳಿ ಬಿಗಿದದ್ದು, ಹಳ್ಳವನ್ನಾದರೂ ಕೊರಕಲನ್ನಾದರೂ ಇಳಿದು ಏರಬಲ್ಲದ್ದು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಗಾಲಿಯೂ ಒಂದುಂಟು. ಅದನ್ನು ಬಂಡಿಗಲ್ಲ, ಕಾಲಿಗೆ ಕಟ್ಟಿಕೊಳ್ಳುತ್ತಾರೆ. ಬೂಟಿನ ಅಡಿಯಲ್ಲಿ ಮೂರೋ ನಾಲ್ಕೋ ಗಾಲಿಗಳನ್ನು ಒಂದರ ಹಿಂದೊಂದರಂತೆ ಒಂದೇ ಸಾಲಿನಲ್ಲಿ ಜೋಡಿಸಿದ ಈ ಸಾಧನಕ್ಕೆ ಇನ್‌ಲೈನ್ ಸ್ಕೇಟ್ ಎಂದು ಹೆಸರು. ಗಾಲಿಮೆಟ್ಟು ಎಂದರೆ ನಮಗೆ ಸುಲಭವಾದೀತು. ಬೀದರ, ಭಾಲ್ಕಿ, ಔರಾದಗಳ ಹೊರವಲಯದಲ್ಲಿ ಮಕ್ಕಳಿಗೆ ಗಾಲಿಮೆಟ್ಟಿನ ಹಾದಿಯೊಂದನ್ನು ಮಾಡಿಕೊಡುವುದಾದರೆ ಏನು ಬೇಕು? ಮೆಟ್ಟಿನ ಬೆಲೆಯನ್ನೂ ಕಲಿಸುವ ಗುರುವನ್ನೂ ವಿಚಾರಿಸುವುದಕ್ಕೆ ಮೊದಲು ನಾವು ನೆಲವನ್ನು ವಿಚಾರಿಸಬೇಕಾಗುತ್ತದೆ.

ಈ ಆಟ ತೀರ ಹೊಸದೇನಲ್ಲ. 1760ರ ದಶಕದಲ್ಲಿ ಜೋಸೆಫ್ ಮರ್ಲಿನ್ ಎಂಬ ಯಂತ್ರಕುಶಲಿ ಲಂಡನ್ನಿನ ಔತಣಕೂಟವೊಂದಕ್ಕೆ ಗಾಲಿಮೆಟ್ಟು ತೊಟ್ಟು, ಪಿಟೀಲು ನುಡಿಸುತ್ತ ಪ್ರವೇಶಿಸಿದನಂತೆ. ನಿಲ್ಲುವ ಬಗೆ ತಿಳಿಯದೆ ಬೆಲೆಬಾಳುವ ನಿಲುಗನ್ನಡಿಗೆ ಢಿಕ್ಕಿ ಹೊಡೆದನೆಂದು ಕತೆ. 1819ರಲ್ಲಿ ಫ್ರಾನ್ಸಿನ ಪೆತಿಬ್ಲೆ ಒಂದೇ ಸಾಲಿನ ಗಾಲಿಗಳ ಮೆಟ್ಟಿಗೆ ಪೇಟೆಂಟ್ ಪಡೆದ. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಎರಡೆರಡು ಜೋಡಿಯ ನಾಲ್ಕು ಗಾಲಿಗಳ ಮೆಟ್ಟನ್ನು ತಂದ ಮೇಲೆ ಒಂದು ಸಾಲಿನದು ಹಿಂದೆ ಬಿತ್ತು. 1980ರ ಸುಮಾರಿನಲ್ಲಿ ಮಿನಿಯಾಪೊಲಿಸ್ಸಿನ ಓಲ್ಸನ್ ಸೋದರರು ಅದಕ್ಕೆ ಮರುಹುಟ್ಟು ಕೊಟ್ಟರು. ನಮ್ಮ ದೇಶದಲ್ಲಿಯೂ ಫಲ ಕಾಣದೆ ಇಲ್ಲ. 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, ಬೀದರಿಗೆ ಬಹು ದೂರವಲ್ಲದ ಹೈದರಾಬಾದಿನ ಅನೂಪ್ ಕುಮಾರ್ ಯಮ ಕಂಚು ಗೆದ್ದರು. 2025ರಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ ವಿಶ್ವ ಚಾಂಪಿಯನ್ನರಾದರು. ಕರ್ನಾಟಕದಲ್ಲಿ ಬೆಳಗಾವಿಯ ಮಕ್ಕಳ ಹೆಸರು ಈ ಆಟದಲ್ಲಿ ಬಹಳ ಕಾಲದಿಂದ ಕೇಳಿಬರುತ್ತಿದೆ.

ಇನ್ನು ಗಾಲಿಯ ಗುಣಕ್ಕೆ ಬರೋಣ. ಗಾಲಿ ಮುಂದಕ್ಕೆ ಉರುಳುತ್ತದೆ, ಅಡ್ಡಕ್ಕೆ ಉರುಳುವುದಿಲ್ಲ. ಆದುದರಿಂದಲೇ ಆಟಗಾರನು ಒಂದು ಪಾದವನ್ನು ಓರೆಮಾಡಿ ಹೊರಕ್ಕೆ ಒತ್ತುತ್ತಾನೆ, ದೇಹ ಮುಂದಕ್ಕೆ ಸರಿಯುತ್ತದೆ. ಹೀಗೆ ಎಡಕ್ಕೂ ಬಲಕ್ಕೂ ತೂಗುತ್ತ ಹೋಗುವವನಿಗೆ ಸುಮಾರು ಐದಡಿ ಅಗಲ ಬೇಕು. ನಡೆಯುವವರಿಗೂ ಜಾಗ ಉಳಿಯಬೇಕಾದರೆ ಹಾದಿ ಅದರ ಇಮ್ಮಡಿಯಾದರೂ ಇರಬೇಕು. ಆದರೆ ಅಗಲಕ್ಕಿಂತ ಮುಖ್ಯವಾದುದು ನುಣುಪು. 8 ಸೆಂಟಿಮೀಟರ್ ಅಡ್ಡಳತೆಯ ಗಾಲಿಯ ಮೇಲೆ 40 ಕಿಲೋ ಭಾರವಿದ್ದು, 1 ಸೆಂಟಿಮೀಟರ್ ಎತ್ತರದ ಹರಳೊಂದು ಅಡ್ಡಬಂದಿತೆನ್ನಿ. ನಿಂತಲ್ಲಿಂದ ಅದನ್ನು ಹತ್ತಿಸಲು ಸುಮಾರು 35 ಕಿಲೋ ತೂಕದಷ್ಟು ಬಲದಿಂದ ನೂಕಬೇಕು. ಅದೇ ಭಾರ 140 ಸೆಂಟಿಮೀಟರಿನ ಬಂಡಿಗಾಲಿಯ ಮೇಲಿದ್ದರೆ 7 ಕಿಲೋ ಸಾಕು. ಬಂಡಿಗೆ ಲೆಕ್ಕಕ್ಕಿಲ್ಲದ ಹರಳು ಮೆಟ್ಟಿಗೆ ಗೋಡೆಯಾಗುತ್ತದೆ. ವೇಗದಲ್ಲಿ ಬರುವ ಮಗು ಅದನ್ನು ದಾಟಿಯೂ ದಾಟೀತು, ಮುಗ್ಗರಿಸಿಯೂ ಬಿದ್ದೀತು.

ಬೀದರ ಪಟ್ಟಣಕ್ಕೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಅದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಕುಳಿತಿದೆ. ಬುಕನನ್ ಎಂಬ ಪ್ರವಾಸಿ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕೆಂಪು ಕಲ್ಲಿಗೆ ಲ್ಯಾಟಿನ್ನಿನ ಇಟ್ಟಿಗೆ ಎಂಬ ಮಾತಿನಿಂದ ಹೆಸರು ಕಟ್ಟಿದ. ನಮ್ಮ ಮಾತಿನಲ್ಲಿಯೂ ಇಟ್ಟಿಗೆಯೇ ಅಡಗಿದೆಯಲ್ಲ! ಬಹಮನಿ ಅರಸರು ಹದಿನೈದನೆಯ ಶತಮಾನದಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕೋಟೆಯ ಕಂದಕವನ್ನು ಕಡಿದದ್ದು ಇದೇ ಕಲ್ಲಿನಲ್ಲಿ. ಮಳೆಯ ನೀರು ಇದರ ರಂಧ್ರಗಳಲ್ಲಿ ಇಳಿದು ಕೆಳಗಿನ ಕಪ್ಪುಕಲ್ಲಿನ ಮೇಲೆ ನಿಲ್ಲುತ್ತದೆ. ನೌಬಾದಿನ ಸುರಂಗಬಾವಿಯನ್ನು ತೋಡಿದವರು ಈ ಗುಟ್ಟನ್ನು ಬಲ್ಲವರು. ಮೇಲೆ ನೀರು ನಿಲ್ಲದ, ಉಬ್ಬದ, ಕುಗ್ಗದ ಇಂಥ ನೆಲದ ಮೇಲೆ ಹಾಸಿದ ಡಾಂಬರು ಬಹುಕಾಲ ಬಾಳುತ್ತದೆ. ಇಲ್ಲಿಯ ಉಪದ್ರವವೆಂದರೆ ಮೊರಮಿನ ಸಣ್ಣ ಹರಳು. ಅದನ್ನು ಪೊರಕೆಯಿಂದ ನಿವಾರಿಸಬಹುದು.

ಪ್ರಸ್ಥಭೂಮಿಯಿಂದ ಭಾಲ್ಕಿಯ ಕಡೆಗೆ ಇಳಿದರೆ, ಅಥವಾ ಮಾಂಜ್ರಾ ನದಿಯನ್ನು ದಾಟಿ ಔರಾದಕ್ಕೆ ಹೋದರೆ, ಎರೆಭೂಮಿ ಎದುರಾಗುತ್ತದೆ. ಈ ಕರಿಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಹೇರಳ. ಅದರ ಕಣ ಪುಸ್ತಕದ ಹಾಳೆಗಳಂತೆ ಪದರು ಪದರಾಗಿರುತ್ತದೆ. ಪದರುಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ನೀರು ಆರಿದರೆ ಕುಗ್ಗುತ್ತದೆ. ರೈತನಿಗೆ ಇದು ವರ. ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡು ಹಿಂಗಾರಿಯ ಜೋಳವನ್ನೂ ಕಡಲೆಯನ್ನೂ ಬೆಳೆಸಿಕೊಡುವ ಮಣ್ಣು ಇದು; ಬೇಸಗೆಯಲ್ಲಿ ಬಾಯಿಬಿಟ್ಟು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎಂಬ ಹೊಗಳಿಕೆಯೂ ಉಂಟು. ರಸ್ತೆ ಮಾಡುವವನಿಗೆ ಆ ಗುಣವೇ ಶತ್ರು.

ಹೇಗೆಂದರೆ, ಡಾಂಬರಿನ ಮುಚ್ಚಳದ ನಡುವಿನಲ್ಲಿ ಮಣ್ಣಿನ ತೇವ ಹೆಚ್ಚು ಬದಲಾಗುವುದಿಲ್ಲ; ಅಂಚಿನಲ್ಲಿ ಮಾತ್ರ ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ನಡು ನಿಂತಲ್ಲಿ ನಿಂತಿರುತ್ತದೆ, ಅಂಚು ಏಳುತ್ತ ಬೀಳುತ್ತ ಇರುತ್ತದೆ. ಪರಿಣಾಮವಾಗಿ ಹಾದಿಯ ಉದ್ದಕ್ಕೆ, ಅಂಚಿನಿಂದ ತುಸು ಒಳಗೆ, ಬಿರುಕು ಬಿಡುತ್ತದೆ. ಅಡ್ಡ ಬಿರುಕನ್ನು ದಾಟಿದರೆ ಒಂದು ಕುಲುಕು, ಅಷ್ಟೆ. ಉದ್ದ ಬಿರುಕಿನ ಮಾತು ಬೇರೆ. ಗಾಲಿಯ ದಪ್ಪ ಸುಮಾರು 24 ಮಿಲಿಮೀಟರ್. ಬಿರುಕು ಅದಕ್ಕಿಂತ ಅಗಲವಾದರೆ ಮುಂದಿನ ಗಾಲಿಯ ಹಿಂದೆ ಉಳಿದವೂ ಅದರೊಳಗೇ ಇಳಿಯುತ್ತವೆ. ಪಾದ ಸಿಕ್ಕಿಕೊಂಡು ದೇಹ ಮುಂದೆ ಹೋಗುತ್ತದೆ. ನಾಲ್ಕು ಗಾಲಿಯ ಹಳೆಯ ಮೆಟ್ಟಿನಲ್ಲಾದರೆ ಪಕ್ಕದ ಗಾಲಿ ಆಧಾರಕ್ಕಿರುತ್ತಿತ್ತು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಮೇಲಿನ ಎರೆಯನ್ನು ತೆಗೆದು ಉಬ್ಬದ ಮೊರಮನ್ನು ತುಂಬಬಹುದು. ಎರೆ ಆಳವಾಗಿರುವಲ್ಲಿ ಅದಕ್ಕೆ ಸುಣ್ಣ ಬೆರೆಸಿ ದಮ್ಮಸು ಮಾಡಬಹುದು. ಸುಣ್ಣ ಜೇಡಿಯ ದಾಹವನ್ನು ತಗ್ಗಿಸುತ್ತದೆ. ಅಂಚಿನಾಚೆಗೂ ಒಂದೆರಡು ಮೊಳ ನೀರಿಳಿಯದಂತೆ ಮುಚ್ಚಿದರೆ ತೇವದ ಏರಿಳಿತ ಹಾದಿಯಿಂದ ದೂರ ಸರಿಯುತ್ತದೆ. ಕೊನೆಯದೊಂದು ಅಪ್ರಿಯವಾದ ಮಾತು: ನೆರಳಿಗೆಂದು ಅಂಚಿಗೆ ಅಂಟಿಸಿ ಮರ ನೆಡಬಾರದು. ಬೇರುಗಳು ಬೇಸಗೆಯಲ್ಲಿ ನೀರು ಹೀರಿ ಬಿರುಕನ್ನು ಬೆಳೆಸುತ್ತವೆ. ಮರ ಬೇಡವೆನ್ನುವುದಿಲ್ಲ, ದೂರದಲ್ಲಿರಲಿ. ಈಚೆಗೆ ಎಲ್ಲೆಡೆ ಹಾಸುವ ಸಿಮೆಂಟಿನ ಬಿಲ್ಲೆಗಳು ನಡೆಯುವವರಿಗೆ ಒಪ್ಪುವುವೇನೋ. ಎರೆಯ ಮೇಲೆ ಅವು ಒಂದು ಏರಿ ಒಂದು ಇಳಿದು, ಗಾಲಿಗೆ ಪ್ರತಿ ಗೇಣಿಗೂ ಒಂದು ಪೆಟ್ಟು ಕೊಡುತ್ತವೆ.

ಮಕ್ಕಳಾಟಕ್ಕೆ ಇಷ್ಟು ಖರ್ಚೇ ಎಂದು ಯಾರಾದರೂ ಕೇಳಿಯಾರು. ಹಾದಿ ಮಾಡದಿದ್ದರೆ ಗಾಲಿಮೆಟ್ಟು ತೊಟ್ಟ ಮಗು ಮನೆಯಲ್ಲಿ ಕೂಡುವುದಿಲ್ಲ. ನುಣುಪನ್ನು ಹುಡುಕಿಕೊಂಡು ಹೆದ್ದಾರಿಗೆ ಹೋಗುತ್ತದೆ. ಹಿಮ್ಮಡಿಯ ಒಂದು ರಬ್ಬರು ತುಂಡೇ ಅದರ ಬ್ರೇಕು, ಎದುರಿಗೆ ಕಬ್ಬಿನ ಲಾರಿ. ಇನ್ನೊಂದು ಸಂಗತಿಯೂ ಇದೆ. ಅಂಗವಿಕಲರ ಗಾಲಿಕುರ್ಚಿಯ ಮುಂಗಾಲಿಯೂ ಚಿಕ್ಕದೇ. ಮೆಟ್ಟನ್ನು ತಡೆಯುವ ಹರಳು ಆ ಕುರ್ಚಿಯನ್ನೂ ತಡೆಯುತ್ತದೆ, ಮೆಟ್ಟನ್ನು ನುಂಗುವ ಬಿರುಕು ಅದನ್ನೂ ಹಿಡಿಯುತ್ತದೆ. ಔರಾದದಲ್ಲಿ ಅರ್ಧ ಕಿಲೋಮೀಟರಿನ ಸುತ್ತುಹಾದಿಯೊಂದಾದರೆ ಬೆಳಗಿನ ಹೊತ್ತು ಅದರ ಮೇಲೆ ಯಾರು ಯಾರು ಬರಬಹುದೆಂಬುದನ್ನು ಲೆಕ್ಕ ಹಾಕುವಾಗ ಇವರನ್ನೂ ಸೇರಿಸಿಕೊಳ್ಳಬೇಕು.

ಎರೆಯ ಮೇಲಿನ ಹಾದಿಯನ್ನು ಪರೀಕ್ಷಿಸುವ ಕಾಲ ವೈಶಾಖ. ಮಳೆಗಾಲದಲ್ಲಿ ನೋಡಿದರೆ ಬಿರುಕುಗಳೆಲ್ಲ ಬಾಯಿಮುಚ್ಚಿಕೊಂಡಿರುತ್ತವೆ. ಬಿಸಿಲು ಏರಿದ ದಿನಗಳಲ್ಲಿ ಅಂಚಿನುದ್ದಕ್ಕೂ ನಡೆದು, ಕಿರುಬೆರಳು ಇಳಿಯುವ ಬಿರುಕುಗಳನ್ನೆಲ್ಲ ಗುರುತುಮಾಡಿ, ಮೃಗಶಿರಾ ಮಳೆ ಹಿಡಿಯುವುದಕ್ಕೆ ಮೊದಲು ಕಾಸಿದ ಡಾಂಬರನ್ನು ಹೊಯ್ದು ಮುಚ್ಚಬೇಕು.