ಕತ್ತಲೆ ಕೋಣೆಯ ಕ್ಯಾಮೆರಾ

ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿನ ಮುಂದೆ ಬೆಳಿಗ್ಗೆ ಒಂಬತ್ತಕ್ಕೇ ಸಾಲು. ಕೈಯಲ್ಲಿ ಶುಗರ್ ಪುಸ್ತಕ, ಚೀಲದಲ್ಲಿ ತಿಂಡಿ ಡಬ್ಬಿ. ಬೆರಳು ಚುಚ್ಚಿಸಿಕೊಂಡು, ಬಿಪಿ ನೋಡಿಸಿಕೊಂಡು, ತಿಂಗಳ ಮಾತ್ರೆ ಇಸಿದುಕೊಂಡು ಹೊರಟವರನ್ನು ಸಿಸ್ಟರ್ ಬಾಗಿಲಲ್ಲೇ ತಡೆಯುತ್ತಾರೆ. "ಕಣ್ಣಿನ ಫೋಟೊ ತೆಗೆಸ್ಕೊಂಡೇ ಹೋಗ್ಬೇಕು." ಹೆಚ್ಚಿನವರ ಉತ್ತರ ಒಂದೇ: "ನಂಗೆ ಚೆನ್ನಾಗೇ ಕಾಣ್ತದಲ್ಲ ಸಿಸ್ಟರ್?"

ತೊಡಕಿರುವುದು ಈ ಉತ್ತರದಲ್ಲೇ. ಸಕ್ಕರೆ ಕಾಯಿಲೆ ಅಕ್ಷಿಪಟಲದ (ರೆಟಿನಾದ) ಸಣ್ಣ ರಕ್ತನಾಳಗಳನ್ನು ಕೆಡಿಸುವಾಗ ನೋವಿಲ್ಲ, ಉರಿಯಿಲ್ಲ, ನೀರೂ ಸುರಿಯುವುದಿಲ್ಲ. ದೃಷ್ಟಿಯ ನಟ್ಟನಡುವಿನ ಜಾಗ ಊದಿಕೊಂಡಾಗಲೋ, ಒಳಗೆ ರಕ್ತ ಸೋರಿ ಕಪ್ಪು ಎಳೆಗಳು ತೇಲತೊಡಗಿದಾಗಲೋ ರೋಗಿಗೆ ತಿಳಿಯುತ್ತದೆ. ಆಗ ಲೇಸರ್ ಮಾಡಿಸಿದರೆ ಉಳಿದ ದೃಷ್ಟಿಯನ್ನು ಕಾಯಬಹುದು. ಹೋದದ್ದು ಮರಳುವ ಭರವಸೆ ಕಡಿಮೆ. ಐಸಿಎಂಆರ್ ಅಧ್ಯಯನವೊಂದು 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಇವರೆಲ್ಲರ ಕಣ್ಣಿನ ಒಳಭಾಗವನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು. ಅಷ್ಟು ರೆಟಿನಾ ವೈದ್ಯರನ್ನು ಎಲ್ಲಿಂದ ತರುವುದು?

ಕಣ್ಣಿನ ಫೋಟೊ ತೆಗೆಯುವ, ಕಾರಿಡಾರಿನ ಕೊನೆಗಿರುವ ಕೋಣೆ ಮೊದಲು ಔಷಧಿ ದಾಸ್ತಾನಿನದು. ಕಿಟಕಿಗೆ ಕಪ್ಪು ಬಟ್ಟೆ, ಅದರ ಅಂಚಿಗೆ ಬ್ಯಾಂಡೇಜಿನ ಪ್ಲಾಸ್ಟರು. ಮೇಜಿನ ಮೇಲೆ ಗಲ್ಲ ಊರುವ ಚೌಕಟ್ಟು, ಅದರಾಚೆ ಲೆನ್ಸಿನ ಕೊಳವೆಗೆ ಕೂರಿಸಿದ ಮೊಬೈಲ್ ಫೋನು. ಇಂಥ ಫೋನ್ ಕ್ಯಾಮೆರಾ ಮಾಡುವ ರೆಮಿಡಿಯೊ ಬೆಂಗಳೂರಿನ ಕಂಪನಿ. '3ನೇತ್ರ' ಎಂಬ ಕ್ಯಾಮೆರಾ ತಂದ ಫೋರಸ್ ಹೆಲ್ತ್ ಕೂಡ ಅಲ್ಲಿಯದೇ.

"ಗಲ್ಲ ಇಲ್ಲಿಡಿ ಅಜ್ಜಿ. ಹಣೆ ಒತ್ತಿ ಹಿಡೀರಿ. ಚುಕ್ಕೆ ಬೆಳಕು ಕಾಣ್ತಾ? ಅದನ್ನೇ ನೋಡ್ತಿರಿ, ರೆಪ್ಪೆ ಬಡೀಬೇಡಿ," ಎನ್ನುತ್ತಾರೆ ನೇತ್ರಾಧಿಕಾರಿ. ಕತ್ತಲಲ್ಲಿ ಪಾಪೆ ತಾನಾಗಿ ಅರಳಿದರೆ ಹನಿ ಔಷಧ ಬೇಡ. ಫಳಕ್ಕನೆ ಒಂದು ಫ್ಲ್ಯಾಶ್. ಬಲಗಣ್ಣು ಮುಗಿಯಿತು, ಆದರೆ ಎಡಗಣ್ಣಿಗೆ ಕೂಡಲೇ ಹೋಗುವಂತಿಲ್ಲ. ಒಂದು ಕಣ್ಣಿಗೆ ಬೆಳಕು ಬಿದ್ದರೆ ಇನ್ನೊಂದರ ಪಾಪೆಯೂ ಮುದುಡುತ್ತದೆ. ಅದು ಮತ್ತೆ ಅರಳುವವರೆಗೆ ಕತ್ತಲಲ್ಲಿ ಸುಮ್ಮನೆ ಕೂರಬೇಕು. ಅಜ್ಜಿ ಸುಮ್ಮನೆ ಕೂರುವವರಲ್ಲ. ಮೊಮ್ಮಗಳಿಗೆ ಬಂದ ಸಂಬಂಧ ತಪ್ಪಿದ್ದನ್ನು ಅಷ್ಟರಲ್ಲಿ ಪೂರ್ತಿ ಹೇಳಿ ಮುಗಿಸಿದರು.

ತೆರೆಯ ಮೇಲೆ ಕಿತ್ತಳೆ ಬಣ್ಣದ ವೃತ್ತ. ಒಂದು ಬದಿಗೆ ಹಳದಿ ಬಿಲ್ಲೆ. ರಕ್ತನಾಳಗಳೆಲ್ಲ ಅಲ್ಲಿಂದ ಕವಲೊಡೆದು ಹರಡಿವೆ. ಅಧಿಕಾರಿ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದಾಗ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಕಂಡವು. ನಾಳದ ಗೋಡೆ ತೆಳುವಾಗಿ ಉಬ್ಬಿದ ಜಾಗಗಳು ಅವು. ಪಕ್ಕದ ಹಳದಿ ಕಲೆಗಳು ಸೋರಿ ಹೆಪ್ಪುಗಟ್ಟಿದ ಕೊಬ್ಬು. ನಾನು ಇಷ್ಟನ್ನು ಅರ್ಥಮಾಡಿಕೊಳ್ಳುವುದರೊಳಗೆ ಫೋನಿನ ತಂತ್ರಾಂಶ ಇಂಟರ್ನೆಟ್ಟಿನ ಹಂಗಿಲ್ಲದೆ ಫಲಿತಾಂಶ ಕೊಟ್ಟಾಗಿತ್ತು: ಕೆಂಪು, ವೈದ್ಯರಿಗೆ ತೋರಿಸಿ.

ಯಂತ್ರಕ್ಕೆ ಈ ವಿದ್ಯೆ ಕಲಿಸಬಹುದೆಂದು ಲೋಕಕ್ಕೆ ಮನವರಿಕೆಯಾದದ್ದು 2016ರಲ್ಲಿ, ಗೂಗಲ್ ಸಂಶೋಧಕರ ಪ್ರಬಂಧ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಬಂದಾಗ. ಕಲಿಸಲು ಬಳಸಿದ್ದು 1,28,175 ಚಿತ್ರ; ಒಂದೊಂದನ್ನೂ ತಜ್ಞರು ಮೂರರಿಂದ ಏಳು ಸಲ ನೋಡಿ ಗುರುತು ಹಾಕಿದ್ದರು. ಅಮೆರಿಕದ ಚಿತ್ರಗಳ ಜತೆಗೆ ಮದುರೈನ ಅರವಿಂದ್, ಚೆನ್ನೈನ ಶಂಕರ ನೇತ್ರಾಲಯ, ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಅದರಲ್ಲಿದ್ದವು. ಈ ಕೋಣೆಯ ತಂತ್ರಾಂಶ ಬೇರೆ, ಆದರೆ ಪಾಠದ ಕ್ರಮ ಹೆಚ್ಚುಕಡಿಮೆ ಅದೇ.

ಪ್ರಯೋಗಾಲಯ ದಾಟಿ ಬಂದ ಯಂತ್ರಕ್ಕೆ ಕಿಟಕಿಯ ಬಟ್ಟೆಯೇ ದೊಡ್ಡ ವಿಷಯ. ಥಾಯ್ಲೆಂಡಿನ ಕ್ಲಿನಿಕ್ಕುಗಳಲ್ಲಿ ಗೂಗಲ್ ತಂಡ ತನ್ನದೇ ವ್ಯವಸ್ಥೆಯನ್ನು ಪರೀಕ್ಷಿಸಿದಾಗ ನೂರಕ್ಕೆ 21 ಚಿತ್ರಗಳನ್ನು ಅದು ಗುಣಮಟ್ಟ ಸಾಲದೆಂದು ತಳ್ಳಿಹಾಕಿತ್ತು; ಸಾಕಷ್ಟು ಕತ್ತಲಿಲ್ಲದ ಕೋಣೆಗಳೂ ಅದಕ್ಕೊಂದು ಕಾರಣ. ಇಲ್ಲಿ ಪ್ಲಾಸ್ಟರು ಹಾಕಿರುವುದು ಸುಮ್ಮನಲ್ಲ. ಪೊರೆ ಬಂದವರ ಕಣ್ಣಲ್ಲಂತೂ ಎಷ್ಟು ಕತ್ತಲು ಮಾಡಿದರೂ ಚಿತ್ರ ಮಂಜುಮಂಜು. ಅಂಥವರನ್ನು ಯಂತ್ರದ ಮಾತಿಗೆ ಕಾಯದೆ ಮುಂದಕ್ಕೆ ಕಳಿಸುತ್ತಾರೆ. ಇನ್ನೊಂದು ಅಪಾಯ ಹಸಿರು, ಅಂದರೆ ತೊಂದರೆಯಿಲ್ಲವೆಂಬ ಫಲಿತಾಂಶ, ಬಂದವರದು. ಯಂತ್ರಕ್ಕೆ ಕಲಿಸಿದ್ದು ಸಕ್ಕರೆ ಕಾಯಿಲೆಯ ಗುರುತುಗಳನ್ನಷ್ಟೆ. ಗ್ಲಾಕೋಮಾ ಇದೆಯೋ ಇಲ್ಲವೋ ಎಂಬುದು ಬೇರೆ ತಪಾಸಣೆ. "ಕಂಪ್ಯೂಟರ್ರೇ ಪಾಸು ಮಾಡ್ತು" ಎಂದು ಹೊರಟವರನ್ನು ಅಧಿಕಾರಿ ಕೂರಿಸಿ ಇದನ್ನೇ ಹೇಳುತ್ತಾರೆ.

ಕೆಂಪು ಬಂದವರ ಹೆಸರು ಉದ್ದನೆಯ ರಿಜಿಸ್ಟರಿಗೆ ಹೋಗುತ್ತದೆ. ಫೋಟೊ ತೆಗೆದ ದಿನ, ಎಲ್ಲಿಗೆ ಕಳಿಸಿದ್ದು, ಕಡೆಗೆ 'ಹೋಗಿ ಬಂದರೇ?' ಎಂಬ ಕಾಲಮ್ಮು. ಮೊದಲೆರಡು ತುಂಬಿವೆ, ಕಡೆಯದರಲ್ಲಿ ಖಾಲಿಯೇ ಜಾಸ್ತಿ. ಕ್ಯಾಮೆರಾದ ಜಾಹೀರಾತಿನಲ್ಲಿ ಈ ಕಾಲಮ್ಮು ಇರುವುದಿಲ್ಲ. ಜಿಲ್ಲಾಸ್ಪತ್ರೆಗೋ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಗೋ ಹೋಗಬೇಕೆಂದರೆ ಒಂದು ದಿನದ ಕೂಲಿ ಖೋತಾ. ಹನಿ ಹಾಕಿದ ಮೇಲೆ ಕಣ್ಣು ಮಬ್ಬಾಗುವುದರಿಂದ ಜತೆಗೊಬ್ಬರು ಬೇಕು, ಅವರ ಕೂಲಿಯೂ ಖೋತಾ. ಲೇಸರಿಗೆ ಒಂದು ಸಲ ಹೋದರೆ ಸಾಲದಿರಬಹುದು. ನನಗೆ ಕಂಡಂತೆ ಇಲ್ಲಿ ಯಂತ್ರದ ಪಾಲಿನ ಕೆಲಸ ನಿಮಿಷಗಳದ್ದು, ಮಿಕ್ಕದ್ದೆಲ್ಲ 'ಹೋಗಿ ಬಂದಿರಾ?' ಎಂದು ಕೇಳುವ ಅಧಿಕಾರಿಯ ಫೋನ್ ಕರೆಗಳದ್ದು.

ಮಧ್ಯಾಹ್ನದ ಹೊತ್ತಿಗೆ ಆತ ಒಬ್ಬ ರೈತರೊಂದಿಗೆ ಚೌಕಾಸಿಗಿಳಿದಿದ್ದರು.

"ರಾಗಿ ಕುಯ್ಲು ಮುಗೀಲಿ ಸಾರ್, ಆಮೇಲೆ ಹೋಗ್ತೀನಿ."

"ಕುಯ್ಲು, ಒಕ್ಕಣೆ, ಆಮೇಲೆ ಜಾತ್ರೆ ಅಂತೀರ. ಬುಧವಾರವೇ ಹೋಗಿ ಯಜಮಾನ್ರೇ. ಚೀಟಿ ಬರ್ಕೊಟ್ಟಿದೀನಿ."

ಯಜಮಾನರು ಒಪ್ಪಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಒಳಗೆ ಬಂದು ಚೀಟಿ ಇಸಿದುಕೊಂಡರು. "ಬುಧವಾರ ನಾನೇ ಕರ್ಕೊಂಡ್ ಹೋಗ್ತೀನಿ. ನನ್ ಫೋಟೊನೂ ಇವತ್ತೇ ತೆಗೀರಿ, ನಂಗೂ ಶುಗರ್ರು."